ದೀಡ ಅಂದ್ರ

ಅಕ್ಷಯಾ,

ಲೇ, ಕವರಿನ ಮೇಲಿನ ಕೋಳಿಕಾಲಿನ ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ ಇದು ಯಾರದು ಅಂತ. ಹರಿಯುವುದಾದರೆ ಹರಿ, ಆದರೆ ಓದಿ ಹರಿ. ಒಳಗೆ ಇನ್ನೊಂದು ಹಾಳೆ ಇದೆ, ನಾಲ್ಕು ಮಡಿಕೆ ಮಾಡಿದ್ದು, ಕೆಳಗೆ ನನ್ನ ಸಹಿ ಇರುವುದು. ಅದನ್ನು ಮಾತ್ರ ಹರಿಯಬೇಡ. ಅದೇನು ಅಂತ ಕೊನೆಗೆ ಹೇಳುತ್ತೇನೆ.

ನಿನ್ನ ಹಳೇ ನಂಬರಿಗೆ ನಾಲ್ಕು ಸಲ ಫೋನ್ ಮಾಡಿದೆ. ಅದು ಈಗ ಗದಗಿನ ಯಾರೋ ಹೆಂಗಸಿನ ಹತ್ತಿರ ಇದೆ. ನಾಲ್ಕನೇ ಸಲ ಆಕೆ, "ತಮ್ಮಾ, ನಿನ್ನ ಗೆಳ್ಯಾ ಇಲ್ಲಿಲ್ಲಪಾ. ನಿನ್ನ ಸಂಗಾಟ ಮಾತಾಡ್ಕೋತ ನನ್ನ ಹಾಲು ಉಕ್ಕಿ ಹೋತು" ಅಂದಳು. ಆಮೇಲೆ ಮಾಡಲಿಲ್ಲ. ನಿನ್ನ ಊರಿನ ವಿಳಾಸ ಮಾತ್ರ ನನಗೆ ಬಾಯಿಪಾಠ. ನಿನ್ನ ಟ್ರಂಕಿನ ಮೇಲೆ ಬಿಳಿ ಪೇಂಟಿನಲ್ಲಿ ಬರೆದಿತ್ತಲ್ಲ, ಐದು ವರ್ಷ ನನ್ನ ಮಂಚದ ಎದುರಿಗೇ ಇತ್ತಲ್ಲ.

ನಾನು ಹೈದರಾಬಾದಿನಲ್ಲಿದ್ದೇನೆ. ತಾರ್ನಾಕದ ಹತ್ತಿರ ಕಾಲೇಜು, ಫಸ್ಟ್ ಇಯರ್, ಹಾಸ್ಟೆಲ್. ಹೌದು, ಮತ್ತೆ ಹಾಸ್ಟೆಲ್ಲೇ. ಅಪ್ಪ ನನ್ನನ್ನು ಇಲ್ಲಿ ಸೇರಿಸಿದ ಹದಿನೈದು ದಿನಕ್ಕೆ ಅವರಿಗೆ ನಾಸಿಕಕ್ಕೆ ಟ್ರಾನ್ಸ್‌ಫರ್ ಆಯಿತು. ನಮ್ಮ ಮನೆ ಅಂದರೆ ಯಾವಾಗಲೂ ಯಾವುದೋ ಊರಿನ ಕ್ವಾರ್ಟರ್ಸು, ನಿನಗೆ ಗೊತ್ತು. ನನ್ನ ರೂಮಿನಲ್ಲಿ ವರಂಗಲ್ ಕಡೆಯ ಇಬ್ಬರು ಇದ್ದಾರೆ. ಒಳ್ಳೆಯವರು. ನನಗೋಸ್ಕರ ಹಿಂದಿಯಲ್ಲಿ ಮಾತು ಶುರು ಮಾಡುತ್ತಾರೆ, ಮೂರನೇ ವಾಕ್ಯಕ್ಕೆ ತಮಗೆ ಗೊತ್ತಿಲ್ಲದೆ ತೆಲುಗಿಗೆ ಜಾರುತ್ತಾರೆ. ಅವರು ನಕ್ಕಾಗ ನಾನೂ ನಗುತ್ತೇನೆ, ಸ್ವಲ್ಪ ತಡವಾಗಿ. ಹೋದ ಶನಿವಾರ ಇಡೀ ದಿನ ನಾನು ಬಾಯಿಬಿಟ್ಟು ಆಡಿದ್ದು ಮೂರೇ ಮಾತು. ಮೆಸ್ಸಿನಲ್ಲಿ ಅನ್ನ ಬಡಿಸುವವನಿಗೆ "ಚಾಲು", ಅಂದರೆ ಸಾಕು, ಬಸ್ಸಿನಲ್ಲಿ "ಅಬಿಡ್ಸ್", ಫೋನಿನಲ್ಲಿ ಅಮ್ಮನಿಗೆ "ಆತು, ಊಟ ಆತು".

ಈ ಪತ್ರ ನನ್ನ ಎದೆಯ ವಿಷಯ. ಕವಿಗಳು ಹೇಳುವ ಎದೆ ಅಲ್ಲ. ಬನಿಯನ್ ಒಳಗಿರುವ ಎದೆ. ಅದರ ಗುಟ್ಟು ಗೊತ್ತಿದ್ದದ್ದು ನಿನಗೊಬ್ಬನಿಗೇ.

ಎಂಟು ವರ್ಷದವನಿದ್ದಾಗ ಕ್ವಾರ್ಟರ್ಸಿನ ಕಾಂಪೌಂಡ್ ಮೇಲಿಂದ ಬಿದ್ದು ಎಡಗಡೆ ಹೆಗಲಿನ ಎಲುಬು ಮುರಿದಿತ್ತು. ಎಲುಬು ಕೂಡಿತು, ಹೆದರಿಕೆ ಹೋಗಲಿಲ್ಲ. ಬ್ಯಾಗು, ಬಕೆಟ್ಟು, ಕಾಟ್ ಎಳೆಯುವುದು, ಎಲ್ಲಾ ಬಲಗೈ. ಪಿಯುಸಿಗೆ ಬರುವಷ್ಟರಲ್ಲಿ ಬಲಗಡೆ ಎದೆ ತುಂಬಿಕೊಂಡಿತ್ತು, ಎಡಗಡೆ ಚಪ್ಪಟೆ ಹಲಗೆ. ಟೀಶರ್ಟ್ ಹಾಕಿದರೆ ಎಡಗಡೆ ಮಾತ್ರ ಬಟ್ಟೆ ಸುಕ್ಕು. ಕ್ಲಾಸಿಗೆ ಹೋಗುವಾಗ ನಾನು ಫೈಲನ್ನು ಯಾವಾಗಲೂ ಎಡ ಎದೆಗೆ ಒತ್ತಿ ಹಿಡಿಯುತ್ತಿದ್ದೆ. ಶರ್ವರಿ ಮಿಸ್ ಅದನ್ನು ನೋಡಿ, "ಪುಸ್ತಕ ಅಂದರೆ ಎಷ್ಟು ಪ್ರೀತಿ ನೋಡಿ ಇವನಿಗೆ" ಅಂದಿದ್ದರು. ನನ್ನ ಓದು ಎಷ್ಟು ಅಂತ ಗೊತ್ತಿದ್ದ ನೀನು ಹಿಂದಿನ ಬೆಂಚಿನಿಂದ ಕೆಮ್ಮಿದ್ದೆ.

ಸೆಕೆಂಡ್ ಪಿಯುಸಿಯ ಆಗಸ್ಟ್ ನೆನಪು ಮಾಡಿಕೋ. ಪೈಪ್ ಒಡೆದು ಬಾತ್‌ರೂಮಿನಲ್ಲಿ ನೀರಿರಲಿಲ್ಲ, ಎಲ್ಲರೂ ಹಿಂದಿನ ತೊಟ್ಟಿಯ ಹತ್ತಿರ ಸ್ನಾನ. ನಾನು ಎಲ್ಲರ ಸ್ನಾನ ಮುಗಿಯಲಿ ಅಂತ ಕಾದು, ಸೋಮವಾರ ಹನ್ನೊಂದು ಗಂಟೆಗೆ ಕ್ಲಾಸ್ ತಪ್ಪಿಸಿ ಹೋದೆ. ನೀನು ಅಲ್ಲಿ ಚಡ್ಡಿ ಹಿಂಡುತ್ತಿದ್ದೆ. ನನ್ನ ಎದೆ ನೋಡಿದೆ. ನಾನು ಟವೆಲ್ ಹೊದ್ದುಕೊಂಡು, "ಯಾರಿಗೂ ಹೇಳಬೇಡ" ಅಂದೆ. ನೀನು, "ಹೇಳಾಕ ಅದರಾಗ ಏನೈತಿ? ನಮ್ಮ ಎತ್ತಿಗಿ ಒಂದು ಕೋಡು ಮ್ಯಾಲ, ಒಂದು ಕೆಳಗ ಐತಿ. ಹೊಲಾ ಊಳಾಂಗಿಲ್ಲೇನು?" ಅಂದೆ. ಅಷ್ಟೇ.

ಅದೇ ವಾರದ ಶನಿವಾರ ಪಿಟಿಯಲ್ಲಿ ಡಿಪ್ಸ್ ಹೊಡೆಯಲು ಹೇಳಿದರು. ನಾಲ್ಕಕ್ಕೆ ನನ್ನ ಎಡಗೈ ನಡುಗಿತು, ಐದಕ್ಕೆ ಪೂರ್ತಿ ಮಕಾಡೆ ಬಿದ್ದೆ, ಎರಡೂ ಕೈ ಮುಂದಕ್ಕೆ ಚಾಚಿಕೊಂಡು. ಎದ್ದೆ, ಮತ್ತೆ ಹಾಗೇ ಬಿದ್ದೆ. ಪಕ್ಕದಲ್ಲಿದ್ದ ನೀನು ನಕ್ಕು ಒಂದು ಶಬ್ದ ಅಂದೆ. "ದೀಡ!" ಅಂದೆ. ಸುತ್ತಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆ ಮೆಸ್ಸಿನಲ್ಲಿ ನಾನು ತಟ್ಟೆ ಹಿಡಿದು ನಿಂತರೆ, "ಏ ದೀಡ ಬಂದಾನ, ಜಾಗಾ ಬಿಡ್ರಿ" ಅಂತ ತಲೆಯ ಮೇಲೆ ಕೈ ಎತ್ತಿ ಮುಗಿದರು.

ಈಗ ನೀನು ಸ್ವಲ್ಪ ತಡೆದುಕೋ. ನನಗೆ ಗೊತ್ತಿದ್ದ ದೀಡ ಒಂದೇ. ನನ್ನ ಅಜ್ಜಿ ಗಂಗೂಬಾಯಿ ಹಾಲಿನವಳಿಗೆ, "ಇವತ್ತ ದೀಡ ಲೀಟರ್ ಹಾಕ" ಅನ್ನುತ್ತಿದ್ದ ದೀಡ. ಒಂದೂವರೆ. ಸೋಮವಾರ ನೀನು ನನ್ನ ಎದೆ ನೋಡಿದೆ, ಶನಿವಾರ ನನಗೆ ಒಂದೂವರೆ ಅಂತ ಹೆಸರು ಬಂತು. ಒಂದು ಕಡೆ ಪೂರ್ತಿ, ಒಂದು ಕಡೆ ಅರ್ಧ. ನಾನು ಯಾರನ್ನೂ ಏನಂತ ಕೇಳಲಿಲ್ಲ. ಕೇಳಿದರೆ ಅವರು ಬಾಯಿಬಿಟ್ಟು ಹೇಳುತ್ತಾರಲ್ಲ ಅನ್ನುವ ಹೆದರಿಕೆ. ಎರಡು ತಿಂಗಳು ಆ ಹೆಸರಿಗೆ ಓಗೊಟ್ಟೆ. ನಿನ್ನ ಜೊತೆ ಮಾತು ಕಡಿಮೆ ಮಾಡಿದೆ. ನೀನು "ಯಾಕೋ ಮಾರಾಯಾ, ಹೊಟ್ಟಿ ನೂಸ್ತತೇನು?" ಅಂತ ಕೇಳಿದ್ದಕ್ಕೆ "ನಥಿಂಗ್" ಅಂದೆ. ನನಗೆ ಸಿಟ್ಟು ಬಂದಾಗ ಇಂಗ್ಲಿಷ್ ಬರುತ್ತದೆ. ಅಕ್ಟೋಬರಿನಲ್ಲಿ ವಾರ್ಡನ್ ಸುಬ್ಬಣ್ಣ ಸರ್‌ಗೆ ಕಂಪ್ಲೇಂಟ್ ಬರೆದದ್ದೂ ಇಂಗ್ಲಿಷಿನಲ್ಲೇ. ಬುಲ್ಲಿಯಿಂಗ್, ಬಾಡಿ ಶೇಮಿಂಗ್, ಮೆಂಟಲ್ ಟಾರ್ಚರ್, ಎಲ್ಲ ಶಬ್ದವೂ ಸ್ಪೆಲ್ಲಿಂಗ್ ತಪ್ಪಿಲ್ಲದೆ. ಕಾರಣ ಮಾತ್ರ ಬರೆಯಲಿಲ್ಲ. ಎದೆ ಅನ್ನುವ ಶಬ್ದ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ.

ಸುಬ್ಬಣ್ಣ ಸರ್ ನಮ್ಮಿಬ್ಬರನ್ನೂ ಆಫೀಸಿಗೆ ಕರೆದ ದಿನವನ್ನು ನಾನು ಈ ಆರು ತಿಂಗಳಲ್ಲಿ ಎಷ್ಟು ಸಲ ನೆನೆದಿದ್ದೇನೋ. ಮೈಸೂರಿನವರು ಅವರು, ನಮ್ಮ ಕಡೆಯ ಮಾತು ಅವರಿಗೆ ಅರ್ಧ ತಿಳಿಯುತ್ತಿರಲಿಲ್ಲ.

"ಇವನಿಗೆ ಆ ಹೆಸರು ಇಟ್ಟಿದ್ದು ನೀನೇನೋ?"

"ಹೌದ್ರಿ ಸರ್, ನಾನ."

"ಏನು ಹಾಗಂದ್ರೆ?"

"ಸರ್, ದೀಡ ಅಂದ್ರ..."

ಆಗ ನಾನು ಬಾಯಿ ಹಾಕಿದೆ. "ಒನ್ ಅಂಡ್ ಎ ಹಾಫ್, ಸರ್. ಎವ್ರಿಬಡಿ ನೋಸ್."

ನೀನು ನನ್ನ ಕಡೆ ತಿರುಗಿದೆ. ಅಷ್ಟು ಬೆರಗು ಯಾರ ಮುಖದ ಮೇಲೂ ನಾನು ನೋಡಿಲ್ಲ. ಸರ್ ಕೇಳಿದರು, "ಒಂದೂವರೆನಾ? ಇವನ ಮೈಯಲ್ಲಿ ಏನೋ ಇದೆ ಒಂದೂವರೆ ಅನ್ನೋಕೆ?" ನಿನ್ನ ಕಣ್ಣು ಒಂದು ಸಲ ನನ್ನ ಅಂಗಿಯ ಎಡಗಡೆ ಜೇಬಿಗೆ ಬಂತು, ತಕ್ಷಣ ನೆಲಕ್ಕೆ ಹೋಯಿತು. "ನನಗ ಗೊತ್ತಿಲ್ರಿ ಸರ್" ಅಂದೆ. "ಗೊತ್ತಿಲ್ದೆ ಯಾಕೋ ಕರೆದೆ?" ಅಂದರು. ನೀನು ಮತ್ತೆ ಬಾಯಿ ತೆರೆಯಲಿಲ್ಲ. ನಾನು ಅದನ್ನು ತಪ್ಪೊಪ್ಪಿಗೆ ಅಂದುಕೊಂಡೆ.

ಮೂರನೇ ದಿನ ನಿಮ್ಮ ಅಪ್ಪ ಬಂದು ಟ್ರಂಕನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದರು. ನಾನು ಕಿಟಕಿಯಿಂದ ನೋಡಿದೆ. ನೀನು ದಿನಾ ಊರಿನಿಂದ ಎರಡು ಬಸ್ಸು ಬದಲಿಸಿ ಕ್ಲಾಸಿಗೆ ಬಂದೆ, ಕೊನೆ ಬೆಂಚಿನಲ್ಲಿ ಕೂತೆ, ಪರೀಕ್ಷೆ ಬರೆದೆ, ಪಾಸಾದೆ. ಒಂದು ದಿನವೂ ನನ್ನನ್ನು ಏನೂ ಕೇಳಲಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ನಮ್ಮ ಕ್ಲಾಸಿನ ಚಿನ್ಮಯಿ ಮೆಸೇಜ್ ಮಾಡಿದಳು. ನೀನು ಪಿಟಿ ಮಾಸ್ತರ ಆಗುವ ಕೋರ್ಸಿಗೆ ಅರ್ಜಿ ಹಾಕಿದ್ದೆಯಂತೆ, ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದೆಯಂತೆ, ಆದರೆ ಕಾಂಡಕ್ಟ್ ಸರ್ಟಿಫಿಕೇಟಿನಲ್ಲಿ "ಸಹಪಾಠಿಯ ದೇಹವನ್ನು ಹೀಯಾಳಿಸಿದ್ದಕ್ಕೆ ಹಾಸ್ಟೆಲಿನಿಂದ ತೆಗೆಯಲಾಗಿದೆ" ಅನ್ನುವ ಸಾಲು ನೋಡಿ, "ಮಕ್ಕಳಿಗೆ ಕಲಿಸುವ ಕೆಲಸ ಇದು, ಮುಂದಿನ ವರ್ಷ ನೋಡೋಣ" ಅಂದರಂತೆ. ನಿನಗೆ ಸುಳ್ಳು ಹೇಳುವುದಿಲ್ಲ ಅಕ್ಷಯಾ. ಆ ಮೆಸೇಜ್ ಓದಿದಾಗ ನನಗೆ ಒಳಗೆ ಸಣ್ಣಗೆ ಖುಷಿಯಾಯಿತು. ಆಗಲಿ ಅನ್ನಿಸಿತು.

ಆಮೇಲೆ ನಾನು ಜಿಮ್ ಸೇರಿದೆ.

ತಾರ್ನಾಕದಲ್ಲಿ ಒಂದು ಟಿಫಿನ್ ಸೆಂಟರಿನ ಮೇಲೆ ಇದೆ. ಕೆಳಗೆ ದೋಸೆ ಹಾಕುತ್ತಿರುತ್ತಾರೆ, ಮೇಲೆ ಆ ವಾಸನೆ ಕುಡಿಯುತ್ತ ನಾವು ಕಬ್ಬಿಣ ಎತ್ತಬೇಕು. ಯಾರೂ ಇರುವುದಿಲ್ಲ ಅಂತ ಮಧ್ಯಾಹ್ನ ಎರಡು ಗಂಟೆಗೆ ಹೋಗುತ್ತಿದ್ದೆ, ಫುಲ್ ತೋಳಿನ ಟೀಶರ್ಟ್ ಹಾಕಿಕೊಂಡು. ವೀಡಿಯೋ ನೋಡಿ ನಾನೇ ಬೆಂಚಿನ ಮೇಲೆ ಮಲಗಿ ರಾಡ್ ಎತ್ತಲು ಶುರು ಮಾಡಿದೆ. ಅಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರ ಇರುತ್ತಾನೆ. ಒಬ್ಬ ಎತ್ತುವಾಗ ಇನ್ನೊಬ್ಬ ತಲೆಯ ಹಿಂದೆ ನಿಂತು ರಾಡಿನ ಕೆಳಗೆ ಕೈ ಇಟ್ಟಿರುತ್ತಾನೆ, ಬಿದ್ದರೆ ಹಿಡಿಯಲು. ನನ್ನ ತಲೆಯ ಹಿಂದೆ ಇದ್ದದ್ದು ಗೋಡೆ. ಎರಡೇ ತಿಂಗಳಲ್ಲಿ ಬಲಗಡೆ ಇನ್ನಷ್ಟು ಬೆಳೆಯಿತು, ಎಡಗಡೆ ಹಾಗೇ ಉಳಿಯಿತು. ಒಂದು ದಿನ ರಾಡ್ ಎಡಕ್ಕೆ ವಾಲಿ, ಆ ಕಡೆಯ ತೂಕವೆಲ್ಲ ಜಾರಿ ನೆಲಕ್ಕೆ ಬಿತ್ತು. ಕೆಳಗಿನ ದೋಸೆಯವನು ಮೇಲೆ ಬಂದು ಬೈದು ಹೋದ.

ಆಗ ಕೋಚ್ ನರಸಿಂಹ ಅಣ್ಣ ಮೊದಲ ಸಲ ನನ್ನನ್ನು ಸರಿಯಾಗಿ ನೋಡಿದ. ಸಾಮಾನು ಇಡುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ, ಅಂಗಿ ತೆಗಿ ಅಂದ. ನಾನು ಅಲುಗಲಿಲ್ಲ. ಅವನೇ ತನ್ನ ಅಂಗಿ ತೆಗೆದು, "ನಾದಿ ಚೂಡು" ಅಂದ, ನನ್ನದು ನೋಡು ಅಂತ. ಅವನ ಬಲ ಹೆಗಲು ಎಡದ್ದಕ್ಕಿಂತ ಎರಡು ಬೆರಳು ಕೆಳಗಿದೆ. ಜಿಮ್ಮಿನಲ್ಲಿ ಎಲ್ಲರೂ ಹೆದರುವ ಆಳು. ನಾನು ಟೀಶರ್ಟ್ ತೆಗೆದೆ.

ಅವನು ನಗಲಿಲ್ಲ. ಮೊದಲು ಡಾಕ್ಟರಿಗೆ ತೋರಿಸು, ಮಾಂಸಖಂಡ ಇದೆಯೋ ಇಲ್ಲವೋ ತಿಳಿಯದೆ ನಾನು ಕೈ ಹಚ್ಚುವುದಿಲ್ಲ ಅಂದ. ಸಿಕಂದರಾಬಾದಿಗೆ ಹೋದೆ. ಡಾಕ್ಟರು ನನ್ನ ಎರಡು ಅಂಗೈ ಸೊಂಟದ ಮುಂದೆ ಜೋಡಿಸಿ ಒತ್ತಲು ಹೇಳಿ, ಎಡ ಎದೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಮಸಲ್ ಹೈ ನಾ ಮಿಯಾ. ಇಸ್ಕೋ ಕಾಮ್‌ಚ್ ನಹೀ ಮಿಲಾ" ಅಂದರು. ಪೂರ್ತಿ ಸರಿಸಮ ಆಗುವುದಿಲ್ಲ, ಯಾರಿಗೂ ಆಗಿರುವುದಿಲ್ಲ, ಆದರೆ ಸಾಕಷ್ಟು ಸರಿಹೋಗುತ್ತದೆ ಅಂದರು. ಇದೆ, ಕೆಲಸ ಸಿಕ್ಕಿಲ್ಲ ಅಷ್ಟೇ. ಬಸ್ಸಿನಲ್ಲಿ ಬರುವಾಗ ಎಷ್ಟು ಹಗುರ ಅನ್ನಿಸಿತು ಅಂದರೆ, ಯಾರಿಗಾದರೂ ಹೇಳಬೇಕು ಅಂತ ಫೋನ್ ತೆಗೆದೆ. ಹೇಳಲು ಯಾರೂ ಇರಲಿಲ್ಲ. ಈ ವಿಷಯ ಗೊತ್ತಿದ್ದವನು ನೀನೊಬ್ಬನೇ ಅಂತ ಆಗ ನೆನಪಾಯಿತು.

ನರಸಿಂಹ ಅಣ್ಣ ರಾಡ್ ಬಿಡಿಸಿದ. ರಾಡಿನಲ್ಲಿ ಎರಡೂ ಕೈ ಒಂದೇ ಕಬ್ಬಿಣ ಹಿಡಿದಿರುತ್ತವೆ, ಬಲಗೈ ಎಡಗೈಯ ಪಾಲನ್ನೂ ಕದ್ದು ಎತ್ತುತ್ತದೆ. ಡಂಬೆಲ್ಸ್ ಕೊಟ್ಟರೆ ಯಾರ ಪಾಲು ಅವರಿಗೆ. ಅವನ ಲೆಕ್ಕ ಇಷ್ಟೇ. ಮೊದಲು ಎಡಗೈ ಎತ್ತಬೇಕು. ಅದು ಎಂಟಕ್ಕೆ ಸೋತರೆ ಬಲಗೈಯೂ ಎಂಟಕ್ಕೆ ನಿಲ್ಲಬೇಕು, ಹದಿನೈದರ ತಾಕತ್ತು ಇದ್ದರೂ. ಸೋತ ಕೈಯನ್ನು ಗೆದ್ದ ಕೈ ಕಾಯಬೇಕು.

ಇಲ್ಲಿ ಒಂದು ತಮಾಷೆ ಆಯಿತು. ಎರಡೂ ಕೈ ಒಟ್ಟಿಗೆ ಎತ್ತುವಾಗ ನನ್ನ ಬಲಗೈ ರೂಢಿಯಂತೆ ಮುಂದೆ ಓಡುತ್ತಿತ್ತು. ಅವನು ಆ ಮೂಲೆಯಿಂದ "ಕುಡಿ! ಕುಡಿ!" ಅಂತ ಕೂಗುತ್ತಿದ್ದ. ನಾನು ಡಂಬೆಲ್ಸ್ ಕೆಳಗಿಟ್ಟು ಬಾಟಲಿ ತೆಗೆದು ನೀರು ಕುಡಿಯುತ್ತಿದ್ದೆ. ಎಷ್ಟು ಕಾಳಜಿ ಈ ಮನುಷ್ಯನಿಗೆ, ನನಗೋಸ್ಕರ ಕನ್ನಡದಲ್ಲಿ ಹೇಳುತ್ತಾನಲ್ಲ ಅಂದುಕೊಂಡು. ಒಂದು ವಾರ ಹೀಗೇ ನಡೆಯಿತು. ಅವನು ಉಳಿದವರಿಗೆ, "ಈ ಪಿಲ್ಲಗಾಡಿಕಿ ದಾಹಂ ಎಕ್ಕುವ ರಾ" ಅನ್ನುತ್ತಿದ್ದನಂತೆ, ಈ ಹುಡುಗನಿಗೆ ದಾಹ ಜಾಸ್ತಿ ಅಂತ. ಕೊನೆಗೆ ಸೈಕಲ್ ತುಳಿಯುತ್ತಿದ್ದ ಒಬ್ಬ ಮುದುಕರು ತಡೆಯಲಾರದೆ ನಗುತ್ತಾ ಕೆಳಗಿಳಿದರು. "ಲೇ ತಮ್ಮಾ, ಹೊಟ್ಟಿ ಒಡದೀತೋ! ತೆಲುಗಿನ್ಯಾಗ ಕುಡಿ ಅಂದ್ರ ಬಲಗಡೆ. ಬಲಗೈ ತಡಿ ಅಂತ ಅಂವ ಒದರಾಕತ್ತಾನ, ನೀ ನೀರು ಕುಡ್ಯಾಕತ್ತೀ!"

ಆರು ತಿಂಗಳಲ್ಲಿ ಈ ಊರಿನಲ್ಲಿ ನಾನು ನಿಜವಾಗಿ ನಕ್ಕದ್ದು ಆವತ್ತು. ಅವರು ಸಂಗಣ್ಣ ಕಾಕಾ. ಬಾದಾಮಿ ಕಡೆಯವರು, ನಲವತ್ತು ವರ್ಷದ ಹಿಂದೆ ಇಲ್ಲಿನ ರಕ್ಷಣಾ ಕಾರ್ಖಾನೆಗೆ ಬಂದವರು, ಈಗ ರಿಟೈರ್. ಮೊಣಕಾಲು ನೋವಿಗೆ ಸೈಕಲ್ ತುಳಿಯಲು ಬರುತ್ತಾರೆ. ದಿನಾ ಎರಡು ಗಂಟೆಗೆ ಅವರ ಕನ್ನಡ ಕೇಳಲೆಂದೇ ನಾನು ಹೋಗುವಂತಾಯಿತು.

ಜನವರಿಯಲ್ಲಿ ನರಸಿಂಹ ಅಣ್ಣ, ಈಗ ಡಿಪ್ಸ್ ಹೊಡಿ, ಎಡಗೈ ಮೇಲೆ ಭಾರ ಬಿಡುವುದನ್ನು ಕಲಿ ಅಂದ. ಅದೇ ಡಿಪ್ಸ್. ಆರಕ್ಕೆ ಎಡಗೈ ನಡುಗಿತು, ಏಳಕ್ಕೆ ಮಕಾಡೆ ಬಿದ್ದೆ, ಎರಡೂ ಕೈ ಮುಂದೆ ಚಾಚಿಕೊಂಡು. ಎದ್ದೆ. ಮತ್ತೆ ಹಾಗೇ ಬಿದ್ದೆ. ಸೈಕಲ್ ಮೇಲಿಂದ ಕಾಕಾ ಅಂದರು:

"ಏನಪಾ, ಜಿಮ್ಮಿನ್ಯಾಗ ದೀಡ ಹಾಕಾಕತ್ತಿ? ಯಾವ ದೇವರಿಗಿ ಹರಕಿ ಹೊತ್ತಿ?"

ನಾನು ನೆಲದ ಮೇಲೆ ಬಿದ್ದಲ್ಲೇ ಕೇಳಿದೆ. "ಕಾಕಾ, ದೀಡ ಅಂದ್ರ ಒಂದೂವರಿ ಅಲ್ಲೇನ್ರಿ?"

"ಲೆಕ್ಕದಾಗ ಒಂದೂವರಿ. ಗುಡಿ ಮುಂದ ದೀಡ ಅಂದ್ರ ದೀಡ ನಮಸ್ಕಾರ. ನೀ ನೋಡೇ ಇಲ್ಲೇನು? ಮಂದಿ ರಸ್ತೇದಾಗ ಉದ್ದಕ ಬೀಳ್ತಾರ, ತಲಿ ಮುಂದ ಕೈ ಮುಗೀತಾರ, ಕೈ ಎಲ್ಲಿತನಾ ಮುಟ್ಟತೈತಿ ಅಲ್ಲಿ ಗೆರಿ ಎಳೀತಾರ. ಎದ್ದು ಆ ಗೆರಿಗೆ ನಿಂತು ಮತ್ತ ಬೀಳ್ತಾರ. ಹಂಗ ಗುಡಿತನಾ. ನಾ ನೌಕರಿಗಿ ಸೇರಿದಾಗ ನಮ್ಮ ಮನಿಯಾಕಿ ಶೋಭಾ ಹಾಕಿದ್ಲು, ಎರಡು ಮೊಣಕೈ ಕೆತ್ತಿಸಿಕೊಂಡು ಬಂದಿದ್ಲು."

ನಾನು ನೋಡಿರಲಿಲ್ಲ, ಅಕ್ಷಯಾ. ಕ್ವಾರ್ಟರ್ಸಿನಲ್ಲಿ ಬೆಳೆದವನು, ಹಾಸ್ಟೆಲಿನಲ್ಲಿ ಓದಿದವನು ಎಲ್ಲಿ ನೋಡಲಿ? ನಮ್ಮ ಕ್ಲಾಸಿನ ಎಲ್ಲ ಹುಡುಗರಿಗೂ ಗೊತ್ತಿದ್ದ ಒಂದು ಶಬ್ದ ನನಗೊಬ್ಬನಿಗೆ ಗೊತ್ತಿರಲಿಲ್ಲ, ಮತ್ತು ಎವ್ರಿಬಡಿ ನೋಸ್ ಅಂತ ಹೇಳಿದವನು ನಾನು. ತಲೆಯ ಮೇಲೆ ಅವರು ಯಾಕೆ ಕೈ ಮುಗಿಯುತ್ತಿದ್ದರು ಅಂತ ಆ ಗಳಿಗೆಯಲ್ಲಿ ತಿಳಿಯಿತು. ನಿಮ್ಮ ಅವ್ವ ಪ್ರತಿ ವರ್ಷ ನಿನ್ನ ಹೆಸರಿನಲ್ಲಿ ಹರಕೆ ತೀರಿಸುತ್ತಾಳೆ, ಮಂಡಿಗೆ ಅರಿಶಿಣ ಹಚ್ಚಿಕೊಂಡು ಕೂತಿರುತ್ತಾಳೆ ಅಂತ ನೀನು ಹೇಳಿದ್ದೂ ನೆನಪಾಯಿತು. ಆಕೆ ಬರಿಗಾಲಲ್ಲಿ ನಡೆದಿರಬೇಕು ಅಂತ ಆಗ ನಾನು ಅಂದುಕೊಂಡಿದ್ದೆ. ನನ್ನ ಎದೆಯ ವಿಷಯ ನೀನು ಯಾರಿಗೂ ಹೇಳಿರಲೇ ಇಲ್ಲ. ವಾರ್ಡನ್ ರೂಮಿನಲ್ಲಿ, ನಾನು ಏನು ತಿಳಿದುಕೊಂಡಿದ್ದೇನೆ ಅಂತ ನಿನಗೆ ಗೊತ್ತಾದ ಮೇಲೂ ಹೇಳಲಿಲ್ಲ. ಒಂದು ಮಾತು ಆಡಿದ್ದರೆ ಸರ್ ನನ್ನ ಅಂಗಿ ಬಿಚ್ಚಿಸುತ್ತಿದ್ದರು. ಗೊತ್ತಿಲ್ರಿ ಅಂದೆ.

ಇನ್ನೊಂದು. ಡಿಪ್ಸ್ ಹೊಡೆಯುವಾಗ ನಾನು ಬಿದ್ದ ಕೂಡಲೇ ನೀನೂ ನಿಲ್ಲಿಸುತ್ತಿದ್ದೆ. ಐವತ್ತು ಹೊಡೆಯುವವನು ಐದಕ್ಕೇ. ಮಾಸ್ತರು "ಯಾಕೋ ಸೋಮಾರಿ" ಅಂತ ನಿನ್ನ ಬೆನ್ನಿಗೆ ಬಾರಿಸುತ್ತಿದ್ದರು. ನನಗೆ ಆಗ ಏನೂ ಅನ್ನಿಸಿರಲಿಲ್ಲ. ಈಗ ಎಡಗೈ ಸೋತಾಗ ಬಲಗೈಯಲ್ಲಿ ಡಂಬೆಲ್ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತೇನಲ್ಲ, ಪ್ರತಿ ಸಲ ನಿನ್ನ ಬೆನ್ನು ನೆನಪಾಗುತ್ತದೆ.

ಈಗ ಆ ಹಾಳೆಯ ವಿಷಯ. ಸುಬ್ಬಣ್ಣ ಸರ್‌ಗೆ ಫೋನ್ ಮಾಡಿ ಎಲ್ಲ ಹೇಳಿದೆ. "ನಾನಾದ್ರೂ ಅವನ ಮಾತು ಮುಗಿಸೋಕೆ ಬಿಡಬೇಕಿತ್ತು" ಅಂದರು. ದೂರು ಕೊಟ್ಟವನೇ ಕಾರಣ ಸಮೇತ ಬರೆದು ಸಹಿ ಮಾಡಿಕೊಟ್ಟರೆ ಆ ಸಾಲು ತೆಗೆದು ಬೇರೆ ಸರ್ಟಿಫಿಕೇಟ್ ಕೊಡಿಸುತ್ತೇನೆ ಅಂದಿದ್ದಾರೆ. ಕಾರಣ ಸಮೇತ. ಮೂರು ದಿನ ಬರೆದೆ, ಹರಿದೆ. ಕೊನೆಗೆ ಕನ್ನಡದಲ್ಲೇ ಬರೆದೆ: "ನನ್ನ ಎದೆಯ ಎಡಭಾಗ ಬಲಭಾಗಕ್ಕಿಂತ ಚಿಕ್ಕದಾಗಿದೆ. ನಾಚಿಕೆಯಿಂದ ಇದನ್ನು ಮುಚ್ಚಿಟ್ಟಿದ್ದೆ. ದೀಡ ಎಂಬ ಶಬ್ದವನ್ನು ನಾನು ತಪ್ಪು ತಿಳಿದೆ. ಅಕ್ಷಯ ನನ್ನನ್ನು ಹೀಯಾಳಿಸಲಿಲ್ಲ." ಒಂದು ಪ್ರತಿ ಅವರಿಗೆ ರಿಜಿಸ್ಟರ್ ಮಾಡುತ್ತಿದ್ದೇನೆ, ಇನ್ನೊಂದು ನಿನ್ನ ಕೈಯಲ್ಲಿದೆ. ಜೂನಿನಲ್ಲಿ ಮತ್ತೆ ಅರ್ಜಿ ಕರೆಯುತ್ತಾರಂತೆ. ಆ ಹಾಳೆಯನ್ನು ಯಾರಿಗೆ ಬೇಕಾದರೂ ತೋರಿಸು, ನಿನ್ನ ಊರಿನ ಕಟ್ಟೆಯ ಮೇಲೆ ಓದಿಸಿದರೂ ಸರಿ. ನಾನು ಫೈಲ್ ಹಿಡಿದುಕೊಳ್ಳುವುದನ್ನು ಬಿಟ್ಟಿದ್ದೇನೆ.

ಎದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಎಡಗೈ ಹನ್ನೆರಡಕ್ಕೆ ಬಂದಿದೆ. ಬನಿಯನ್ ಸುಕ್ಕು ಕಡಿಮೆಯಾಗಿದೆ, ಕಾಣುವವರಿಗೆ ಇನ್ನೂ ಕಾಣುತ್ತದೆ.

ನೀನು ಕ್ಷಮಿಸು ಅಂತ ಕೇಳಲು ನನಗೆ ಬಾಯಿಲ್ಲ. ಇವತ್ತು ಮಧ್ಯಾಹ್ನ ಜಿಮ್ಮಿನಲ್ಲಿ ಹತ್ತನೇ ಡಿಪ್ಸಿಗೆ ಬಿದ್ದೆ. ಏಳಲಿಲ್ಲ. ನಿಮ್ಮ ಊರು ಯಾವ ದಿಕ್ಕಿಗೆ ಅಂತ ಯೋಚಿಸಿದೆ. ಪಡುವಣಕ್ಕೆ, ದೋಸೆ ಹೊಗೆ ಬರುವ ಕಿಟಕಿಯ ಕಡೆಗೆ. ಆ ಕಡೆ ತಿರುಗಿ ಮಲಗಿ ಎರಡೂ ಕೈ ಮುಂದೆ ಜೋಡಿಸಿದೆ. ಕಾಕಾ ಸೈಕಲ್ ನಿಲ್ಲಿಸಿದರು. ಇಲ್ಲಿಂದ ನಿನ್ನ ಬಾಗಿಲಿಗೆ ಎಷ್ಟು ಸಲ ಬಿದ್ದು ಏಳಬೇಕೋ ಗೊತ್ತಿಲ್ಲ. ಈ ಪತ್ರವನ್ನು ನಾಳೆ ಅಬಿಡ್ಸ್ ಪೋಸ್ಟ್ ಆಫೀಸಿನಲ್ಲಿ ಹಾಕುತ್ತೇನೆ. ಅದು ಮೊದಲನೇ ಗೆರೆ.

ನೀನು ಆವತ್ತು ಅರ್ಧಕ್ಕೇ ಬಿಟ್ಟ ಮಾತು ಇದೆಯಲ್ಲ, "ಸರ್, ದೀಡ ಅಂದ್ರ..." ಅಂತ, ಅದನ್ನು ಯಾವಾಗಲಾದರೂ ನನ್ನ ಮುಂದೆ ಮುಗಿಸು. ಈ ಸಲ ನಾನು ಬಾಯಿ ಹಾಕುವುದಿಲ್ಲ.

ನಿಮ್ಮ ಅವ್ವನ ಮಂಡಿ ನೋವು ಇಳಿಯಲಿ, ಆಕೆ ಹೊತ್ತ ಹರಕೆಯೆಲ್ಲ ನಿನಗೆ ಫಲಿಸಲಿ.

ನೀನಿಟ್ಟ ಹೆಸರಿನವನು,
ದೀಡ